ಅತ್ತೆಯ ಮೈಕೂ ನನ್ನ ಅರ್ಥಿಂಗೂ

ಲ್ಯಾಪ್‌ಟಾಪಿನ ಒಳಗೇ ಒಂದು ಮೈಕ್ ಇರುತ್ತದೆ. ಸಾಮಾನ್ಯ ಜನ ಅದರಲ್ಲೇ ಮಾತಾಡುತ್ತಾರೆ, ಎದುರಿನವರಿಗೆ ಕೇಳಿಸುತ್ತದೆ, ಕೆಲಸ ಮುಗಿಯುತ್ತದೆ. ಆದರೆ ಸಾಮಾನ್ಯ ಜನರಿಗೆ ನನ್ನಂಥ ಅಣ್ಣನ ಮಗ ಇರುವುದಿಲ್ಲ!

ನಮ್ಮ ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ಓದಿದ್ದು ಬಿ.ಕಾಂ. ಕೆಲಸ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನ ಆಫೀಸಿನಲ್ಲಿ ಬಿಲ್ ಹಾಕುವುದು. ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್, ಆಡಿಯೋ ಎಂಜಿನಿಯರಿಂಗ್ ಇವೆಲ್ಲ ನಾನು ಸ್ವಂತ ಪರಿಶ್ರಮದಿಂದ ಕಲಿತ ವಿದ್ಯೆಗಳು. ಪರಿಶ್ರಮ ಅಂದರೆ ಊಟ ಮಾಡುತ್ತ ಮೊಬೈಲಿನಲ್ಲಿ ವೀಡಿಯೋ ನೋಡುವುದು. ಊಟ ಮುಗಿದ ಕೂಡಲೇ ವೀಡಿಯೋ ನಿಲ್ಲಿಸಿ ಕೈ ತೊಳೆಯಲು ಏಳುತ್ತೇನೆ. ಹಾಗಾಗಿ ಬಹುಪಾಲು ವಿಷಯಗಳು ನನಗೆ ಅರ್ಧ ಗೊತ್ತು.

ಇನ್ನು ಅತ್ತೆ. ನಮ್ಮಪ್ಪನ ತಂಗಿ ಸರ್ವಮಂಗಳ, ಇರುವುದು ಭದ್ರಾವತಿಯಲ್ಲಿ. ವಚನಗಳನ್ನು ಬಹಳ ಚೆನ್ನಾಗಿ ಹಾಡುತ್ತಾರೆ. ಯಾರದೇ ಮನೆಯ ಗೃಹಪ್ರವೇಶವಾಗಲಿ, ನಾಮಕರಣವಾಗಲಿ, "ಮಂಗಳಮ್ಮ ಒಂದೆರಡು ವಚನ ಹೇಳ್ಲಿ" ಎಂದು ಕೂರಿಸುತ್ತಾರೆ. ಅತ್ತೆ ಕಣ್ಣು ಮುಚ್ಚಿ ಹಾಡುತ್ತಾರೆ. ಕಣ್ಣು ತೆರೆಯುವಷ್ಟರಲ್ಲಿ ಜನರೆಲ್ಲ ಊಟದ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುತ್ತಾರೆ. ಹೀಗೆ ಆಯುಷ್ಯವೆಲ್ಲ ಖಾಲಿ ಕುರ್ಚಿಗಳಿಗೆ ಹಾಡಿದ ಅತ್ತೆಗೆ ಒಂದು ದಿನ ರವೀಂದ್ರನಗರದ ರಮ್ಯಾ ಎಂಬ ಹೆಣ್ಣುಮಗಳು ಫೋನ್ ಮಾಡಿದಳು. ತನ್ನ ಮಗಳಿಗೂ, ಪರಿಚಯದ ಇನ್ನಷ್ಟು ಮಕ್ಕಳಿಗೂ ಆನ್‌ಲೈನಿನಲ್ಲಿ ವಚನ ಕಲಿಸಬೇಕಂತೆ. ಮೊದಲ ಪಾಠ ನೋಡಿ ಇಷ್ಟವಾದರೆ ಪ್ರತಿ ಭಾನುವಾರ ಕ್ಲಾಸು.

ಅತ್ತೆಗೆ ಆದ ಸಂತೋಷ ಹೇಳತೀರದು. ಮಾವ ಮಾತ್ರ ಪೇಪರಿನ ಹಿಂದಿನಿಂದಲೇ ಕೇಳಿದರು, "ಪೆಟ್ಟಿಗೆ ಮುಂದೆ ಕೂತು ಹಾಡಿದ್ರೆ ಯಾರೇ ಕೇಳ್ತಾರೆ?"

"ಮದುವೆಯಾದಾಗಿಂದ ನಿಮ್ಮ ಮುಂದೆ ಕೂತು ಹಾಡಿದ್ದೀನಿ. ನೀವೇನು ಕೇಳಿದ್ರಾ? ಪೆಟ್ಟಿಗೆನೇ ವಾಸಿ!" ಎಂದರು ಅತ್ತೆ.

ಮಾವ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ದೊಡ್ಡ ಶಬ್ದಗಳ ನಡುವೆ ಬದುಕಿದವರಾದ್ದರಿಂದ ಸಣ್ಣ ಮಾತುಗಳು ಅವರಿಗೆ ಕೇಳಿಸುವುದಿಲ್ಲ. ಇದೂ ಕೇಳಿಸಲಿಲ್ಲ.

ಈ ಶುಭ ಸಂದರ್ಭದಲ್ಲಿ ನಾನು ರಂಗಕ್ಕೆ ಇಳಿದೆ. "ಅತ್ತೆ, ಲ್ಯಾಪ್‌ಟಾಪಿನ ಒಳಗಿನ ಮೈಕಲ್ಲಿ ಹಾಡೋದು ಅಂದ್ರೆ ಗೋಡೆ ಆಚೆಯಿಂದ ಹಾಡಿದ ಹಾಗೆ. ನಿಮ್ಮ ದನಿಗೆ ಹೊರಗಿನ ಮೈಕೇ ಬೇಕು. ಆ ಜವಾಬ್ದಾರಿ ನಂದು."

"ನೀನಿದ್ದೀಯಲ್ಲ ಮಾರಾಯ, ನಂಗೇನು ಭಯ!" ಎಂದರು ಅತ್ತೆ. ಪಾಪ, ಆಗ ಅವರಿಗೆ ಗೊತ್ತಿರಲಿಲ್ಲ.

ವೈರ್ ಇಲ್ಲದ ಕಾಲರ್ ಮೈಕ್ ತಂದೆ. ಬಟ್ಟೆಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ಮೈಕ್ ಒಂದು, ಲ್ಯಾಪ್‌ಟಾಪಿಗೆ ಚುಚ್ಚುವ ಅದರ ಜೊತೆಗಾರ ಒಂದು. ಭಾನುವಾರ ಬೆಳಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಲ್ಯಾಪ್‌ಟಾಪಿನ ಮುಂದೆ ಕೂತರು. ಟಿವಿಯಲ್ಲಿ ವಾರ್ತೆ ಓದುವವರನ್ನು ಸೂಕ್ಷ್ಮವಾಗಿ ಗಮನಿಸಿದ್ದ ನಾನು, "ಇಲ್ಲೇ ಅತ್ತೆ, ಎದೆಯ ನಟ್ಟನಡುವೆ. ದನಿ ಹುಟ್ಟೋ ಜಾಗ ಇದು" ಎಂದು ಸೆರಗಿನ ಮಡಿಕೆಗೆ ಮೈಕನ್ನು ಸಿಕ್ಕಿಸಲು ಹೇಳಿ, ಅದು ಒಂದು ಅಂಗುಲವೂ ಆಚೀಚೆ ಆಗದಂತೆ ನೋಡಿಕೊಂಡೆ. ಮುಂಚಿತವಾಗಿ ಪರೀಕ್ಷೆ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ಪರೀಕ್ಷೆ ಎಂಬುದು ಅನುಮಾನ ಇರುವವರು ಮಾಡುವಂಥದ್ದು!

ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಮಕ್ಕಳು ಮೂಡಿದರು. ಪ್ರತಿ ಮಗುವಿನ ಹಿಂದೆ ಒಬ್ಬೊಬ್ಬ ಅಮ್ಮ, ಪರೀಕ್ಷಕರ ಮುಖ ಮಾಡಿಕೊಂಡು. ಅತ್ತೆ ಉಸಿರೆಳೆದು ಶ್ರುತಿ ಹಿಡಿದರು.

ಕರಕರ... ಚಟ್... ಪಟಪಟ... ಕರ್‌ರ್‌ರ್!

ಅತ್ತೆಗೆ ಇದು ತಿಳಿಯಲಿಲ್ಲ. ಕಣ್ಣು ಮುಚ್ಚಿ ಹಾಡುತ್ತಲೇ ಹೋದರು. ಒಂದು ಮಗು ಕೇಳಿಯೇಬಿಟ್ಟಿತು, "ಟೀಚರ್, ನಿಮ್ಮನೇಲಿ ಮಳೆ ಬರ್ತಿದ್ಯಾ?"

"ಇಲ್ಲ ಕಣೇ, ಯಾರೋ ಚಿಪ್ಸ್ ತಿಂತಿದ್ದಾರೆ" ಎಂದಿತು ಇನ್ನೊಂದು.

ರಮ್ಯಾ ಗಂಟಲು ಸರಿಮಾಡಿಕೊಂಡಳು. "ಆಂಟಿ, ಒಂದ್ನಿಮಿಷ. ಒಳಗೆ ಯಾರಾದ್ರೂ ಹಪ್ಪಳ ಕರೀತಿದ್ದಾರಾ?"

"ಈ ಮನೇಲಿ ಹಪ್ಪಳ ಕರೆದು ಎಷ್ಟು ಕಾಲ ಆಯ್ತು ಅಂತ ಅವಳನ್ನೇ ಕೇಳಮ್ಮ!" ಎಂದರು ಮಾವ ಮೂಲೆಯಿಂದ. ಈ ಒಂದು ವಾಕ್ಯ ಮಾತ್ರ ಎಲ್ಲರ ಮನೆಗೂ ಅತ್ಯಂತ ಸ್ಪಷ್ಟವಾಗಿ ತಲುಪಿತು.

ನಾನು ಸುಮ್ಮನಿರುವವನೇ? ಅತ್ತೆಯ ದನಿ ಶಬ್ದದ ಅಡಿಯಲ್ಲಿ ಮುಳುಗುತ್ತಿದೆ, ಮೇಲೆತ್ತಬೇಕು ಎಂದು ಮೈಕಿನ ವಾಲ್ಯೂಮನ್ನು ಕೊನೆಯವರೆಗೆ ಏರಿಸಿದೆ. ದನಿ ಒಂದು ಪಾಲು ಏರಿತು. ಕರಕರ ಹತ್ತು ಪಾಲು ಏರಿತು. ಒಂದು ಮಗು ಕಿವಿ ಮುಚ್ಚಿಕೊಂಡು ಅಳತೊಡಗಿತು. ಚೌಕಗಳು ಒಂದೊಂದಾಗಿ ಕಪ್ಪಾದವು. ಅತ್ತೆ ಕಣ್ಣು ತೆರೆದಾಗ ಪರದೆಯ ಮೇಲೆ ಉಳಿದಿದ್ದವರು ಇಬ್ಬರೇ. ರಮ್ಯಾ ಮತ್ತು ಅತ್ತೆ.

"ಬೇಜಾರ್ ಮಾಡ್ಕೋಬೇಡಿ ಆಂಟಿ" ಎಂದಳು ರಮ್ಯಾ. "ಮುಂದಿನ ಭಾನುವಾರ ಇನ್ನೊಂದ್ಸಲ ನೋಡೋಣ. ಆಗ್ಲೂ ಹೀಗೇ ಆದ್ರೆ ಇಲ್ಲೇ ಹತ್ತಿರದಲ್ಲಿ ಒಬ್ರು ಮಿಸ್ ಇದ್ದಾರಂತೆ, ಮಕ್ಕಳ ಅಮ್ಮಂದಿರು ಅಲ್ಲಿಗೇ ಕಳಿಸ್ತೀವಿ ಅಂತಿದ್ದಾರೆ."

ಅತ್ತೆ ರೇಷ್ಮೆ ಸೀರೆ ಬದಲಾಯಿಸಿ ಬಂದು ಅದನ್ನು ಮಡಿಸುತ್ತ, "ಬಿಡು ಚೇತು, ಖಾಲಿ ಕುರ್ಚಿ ನಂಗೆ ಅಭ್ಯಾಸ" ಎಂದರು. ಮುಂದಿನ ಭಾನುವಾರದೊಳಗೆ ಈ ಕರಕರವನ್ನು ಬೇರುಸಹಿತ ಕಿತ್ತೊಗೆಯುತ್ತೇನೆಂದು ಅಲ್ಲೇ ಶಪಥ ಮಾಡಿದೆ. ಕಿತ್ತೊಗೆದೆ ಕೂಡ. ಕರಕರವನ್ನಲ್ಲ, ಬೇರೆ ಬೇರೆ ವಸ್ತುಗಳನ್ನು.

ಮೊದಲು ಕಿತ್ತದ್ದು ಡ್ರೈವರನ್ನು. ಲ್ಯಾಪ್‌ಟಾಪಿನೊಳಗೆ ಶಬ್ದ ನೋಡಿಕೊಳ್ಳುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಹಳೆಯದನ್ನು ತೆಗೆದು ಹೊಸದು ಹಾಕಬೇಕು ಎಂದು ವೀಡಿಯೋದಲ್ಲಿ ನೋಡಿದ್ದೆ. ತೆಗೆಯುವ ಭಾಗಕ್ಕೆ ಬರುವಾಗ ನನ್ನ ತಟ್ಟೆಯಲ್ಲಿ ಮುದ್ದೆ ಇತ್ತು. ಹಾಕುವ ಭಾಗಕ್ಕೆ ಬರುವಷ್ಟರಲ್ಲಿ ಊಟ ಮುಗಿದಿತ್ತು. ಮರುದಿನ ಆಫೀಸ್ ಮುಗಿಸಿ ಭದ್ರಾವತಿಗೆ ಹೋಗಿ, ಧೈರ್ಯವಾಗಿ ತೆಗೆದೆ.

"ಅತ್ತೆ, ಈಗ ಹಾಡಿ." ಹಾಡಿದರು. ಹೆಡ್‌ಫೋನಿನಲ್ಲಿ ಶಬ್ದವೇ ಇಲ್ಲ! "ಹೋಯ್ತು! ಕರಕರ ಹೋಯ್ತು!" ಎಂದು ಕುಣಿದೆ.

ಮಾವ ಹೆಡ್‌ಫೋನ್ ಕಿತ್ತುಕೊಂಡು ಕಿವಿಗಿಟ್ಟರು. "ಅವಳ ದನಿನೂ ಹೋಯ್ತಲ್ಲೋ! ಇಷ್ಟು ವರ್ಷ ನನ್ನ ಕೈಲಿ ಆಗದೇ ಇದ್ದಿದ್ದು ನೀನು ಹೆಂಗೆ ಮಾಡ್ದೆ?"

ಲ್ಯಾಪ್‌ಟಾಪ್ ಪೂರ್ತಿ ಮೂಕವಾಗಿತ್ತು. ಅಲ್ಲಿಲ್ಲಿ ಒತ್ತಿ, ಆಫ್ ಮಾಡಿ, ಆನ್ ಮಾಡಿ, ಕೊನೆಗೆ ಹೇಗೋ ಸ್ಪೀಕರೂ ಹೊರಗಿನ ಮೈಕೂ ಎದ್ದು ಕೂತವು. ಒಳಗಿನ ಮೈಕ್ ಏಳಲೇ ಇಲ್ಲ. ಏನೂ ಇಲ್ಲದಿದ್ದರೆ ಅದರಲ್ಲಾದರೂ ಕ್ಲಾಸು ನಡೆಯಬಹುದಿತ್ತು. ಆ ದಾರಿಯನ್ನು ಹೀಗೆ ನಾನು ಜವಾಬ್ದಾರಿಯಿಂದ ಮುಚ್ಚಿದೆ.

ಹೊರಗಿನದರಲ್ಲಿ ಕರಕರ ಇದ್ದೇ ಇತ್ತು. ಲ್ಯಾಪ್‌ಟಾಪನ್ನೂ ಮೈಕನ್ನೂ ಹೆಚ್ಚಿನ ಸಂಶೋಧನೆಗಾಗಿ ಶಿವಮೊಗ್ಗಕ್ಕೆ ತಂದೆ. ನಮ್ಮ ಹಾಲಿನಲ್ಲಿ ಕೂತು, ಟೀಶರ್ಟಿನ ಎದೆಗೆ ಮೈಕ್ ಸಿಕ್ಕಿಸಿ, "ಹಲೋ, ಮೈಕ್ ಟೆಸ್ಟಿಂಗ್" ಎಂದೆ. ಸ್ಫಟಿಕದಂತೆ ಕೇಳಿಸಿತು. ಮಾತಾಡಿದೆ, ಕೆಮ್ಮಿದೆ, ಹಾಡಿದೆ. ಎಲ್ಲೂ ಕರಕರ ಇಲ್ಲ.

ಅಡುಗೆಮನೆಯಿಂದ ಬಂದ ಅಮ್ಮ ನನ್ನ ಎದೆಯನ್ನೇ ನೋಡಿದಳು. "ಕೊರಳಲ್ಲಿ ಲಿಂಗ ಇರಬೇಕಾದ ಜಾಗದಲ್ಲಿ ಇದೆಂತದೋ ಸಿಕ್ಕಿಸ್ಕೊಂಡಿದ್ದೀಯ? ನಿಂದು ದೇವರಮನೆ ಗೂಟದಲ್ಲಿ ನೇತಾಡ್ತಿದೆ, ನೆನಪಿದ್ಯಾ?"

"ಅಮ್ಮಾ, ಇಲ್ಲಿ ವಿಜ್ಞಾನ ನಡೀತಿದೆ. ಸುಮ್ನಿರು."

ವಿಜ್ಞಾನ ಹೇಳಿದ್ದು ಸ್ಪಷ್ಟವಾಗಿತ್ತು. ಲ್ಯಾಪ್‌ಟಾಪ್ ಅದೇ, ಮೈಕ್ ಅದೇ. ಶಿವಮೊಗ್ಗದಲ್ಲಿ ಶುದ್ಧ, ಭದ್ರಾವತಿಯಲ್ಲಿ ಕರಕರ. ಬದಲಾದದ್ದು ಊರು ಮಾತ್ರ. ಹಾಗಾದರೆ ತಪ್ಪು ಯಾರದು? ಊರಿನದು! ಇಷ್ಟು ಸರಳ ತೀರ್ಮಾನ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಆ ದಿನ ಊಟ ಎರಡು ತುತ್ತು ಜಾಸ್ತಿ ಸೇರಿತು. ಬದಲಾದದ್ದು ಹಾಡುವ ಮನುಷ್ಯರೂ ಹೌದು ಎಂಬ ಚಿಲ್ಲರೆ ವಿಷಯವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮತ್ತೆ ಭದ್ರಾವತಿಗೆ ಹೋಗಿ ಗಂಭೀರವಾಗಿ ಘೋಷಿಸಿದೆ. "ಮಾವ, ನಿಮ್ಮೂರ ಕರೆಂಟ್ ಸರಿ ಇಲ್ಲ."

ಮಾವ ಪೇಪರ್ ಕೆಳಗಿಟ್ಟರು. ಸಾಮಾನ್ಯವಾಗಿ ಅವರು ಪೇಪರ್ ಕೆಳಗಿಡುವವರಲ್ಲ. "ಏನಂದೆ?"

"ನಿಮ್ಮ ಕರೆಂಟಲ್ಲಿ ಗಲೀಜಿದೆ. ಮಣ್ಣಲ್ಲಿ ಕಬ್ಬಿಣದಂಶ ಜಾಸ್ತಿ ಇರ್ಬೇಕು. ಅದು ಮೈಕಿಗೆ..."

"ಲೋ! ನಾವಿಲ್ಲಿ ಕಬ್ಬಿಣ ಕಾಯಿಸ್ತಿದ್ದಾಗ ನಿಮ್ಮ ಶಿವಮೊಗ್ಗದೋರು ಲಾಟೀನು ಒರೆಸ್ಕೊಂಡು ಕೂತಿದ್ರು ಕಣೋ! ನಮ್ಮೂರ ಕರೆಂಟಿಗೆ ಹೆಸರಿಡ್ತೀಯಾ ನೀನು?"

"ರೀ, ಅವನು ಹೇಳೋದು ಪೂರ್ತಿ ಕೇಳಿ" ಎಂದರು ಅತ್ತೆ. ಅವರಿಗೆ ಭಾನುವಾರದ ಚಿಂತೆ. ಭದ್ರಾವತಿಯ ಮಾನ ಹೋದರೂ ಸರಿ, ಮಕ್ಕಳು ಕಿವಿ ಮುಚ್ಚಿಕೊಳ್ಳಬಾರದು.

ನಾನು ಮೊದಲು ಮನೆಯ ಫ್ರಿಜ್, ಫ್ಯಾನ್, ಟಿವಿ ಎಲ್ಲ ಆರಿಸಿದೆ. ಕರಕರ. ಪಕ್ಕದ ಮನೆಗೆ ಹೋಗಿ ಮಿಕ್ಸಿ ನಿಲ್ಲಿಸಿ ಎಂದು ಕೈಮುಗಿದೆ. ನಿಲ್ಲಿಸಿದರು, ಚಟ್ನಿ ಅರ್ಧಕ್ಕೆ ನಿಂತಿತು, ಕರಕರ ನಿಲ್ಲಲಿಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿದೆ. ಆಗಲೂ ಕರಕರ! ಗೋಡೆಗೆ ಸಂಬಂಧವೇ ಇಲ್ಲದಾಗಲೂ ಶಬ್ದ ಬರುತ್ತಿದೆ ಎಂದರೆ ಕರೆಂಟಿನ ತಪ್ಪಲ್ಲ ಎಂದು ಸಾಮಾನ್ಯ ಮನುಷ್ಯ ತಿಳಿಯುತ್ತಾನೆ. ನಾನು ಸಾಮಾನ್ಯ ಮನುಷ್ಯನಲ್ಲ. ಈ ಮನೆಯ ಕರೆಂಟಿನ ಗಲೀಜು ಗಾಳಿಗೂ ಹಬ್ಬಿದೆ ಎಂದು ತಿಳಿದುಕೊಂಡೆ.

"ಅರ್ಥಿಂಗ್ ಮಾಡ್ಬೇಕು ಅತ್ತೆ. ಅಂಗಳದಲ್ಲಿ ಗುಂಡಿ ತೋಡಿ, ಉಪ್ಪು, ಇದ್ದಿಲು ಹಾಕಿ, ಕಬ್ಬಿಣದ ಸರಳು ಹೂತರೆ ಗಲೀಜೆಲ್ಲ ಭೂಮಿಗೆ ಇಳಿಯುತ್ತೆ."

"ಸರಿಹೋಗುತ್ತೇನೋ ಖಂಡಿತ?"

"ಅತ್ತೆ, ನನ್ನ ಮುಖ ನೋಡಿ."

ಅತ್ತೆ ನೋಡಿದರು. ಅದೇ ಅವರು ಮಾಡಿದ ತಪ್ಪು. ಹಿತ್ತಿಲಿನಿಂದ ಗುದ್ದಲಿ ತಂದುಕೊಟ್ಟರು.

ಅಂಗಳದ ಮೂಲೆಯಲ್ಲಿ ಗುದ್ದಲಿ ಎತ್ತಿ ಹಾಕತೊಡಗಿದೆ. ಕಂಪ್ಯೂಟರ್ ತಜ್ಞನ ಕೈಗೆ ಬೊಕ್ಕೆ ಬಂದವು. ಮಾವ ಕುರ್ಚಿ ಹಾಕಿಕೊಂಡು ಕೂತು ಉಸ್ತುವಾರಿ ವಹಿಸಿದರು. ಪಕ್ಕದ ಮನೆಯ ಸೆಲ್ವಿ ಅಕ್ಕ, ಅರ್ಧ ಚಟ್ನಿಯವರು, ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನ್ ತಂಬಿ, ಬಾವಿ ತೋಡ್ತಾ ಇದ್ದೀರಾ?"

"ಬಾವಿ ಅಲ್ಲ ಅಕ್ಕಾ, ಅರ್ಥಿಂಗು. ಅತ್ತೆ ಹಾಡು ಚೆನ್ನಾಗಿ ಬರ್ಲಿ ಅಂತ."

ಸೆಲ್ವಿ ಅಕ್ಕ ಸ್ವಲ್ಪ ಹೊತ್ತು ಯೋಚಿಸಿದರು. ಹಾಡಿಗೂ ಗುಂಡಿಗೂ ಇರುವ ಸಂಬಂಧ ಅವರಿಗೆ ಹೊಳೆಯಲಿಲ್ಲ. "ಆಗ್ಲಿ ಬಿಡಿ. ನೀರು ಬಂದ್ರೆ ಹೇಳಿ" ಎಂದು ಒಳಗೆ ಹೋದರು.

ಮುಂದಿನ ಏಟಿಗೆ ಗುದ್ದಲಿ 'ಠಣ್' ಎಂದಿತು. ಬಂಡೆ ಎಂದುಕೊಂಡೆ. ಬಂಡೆಯನ್ನು ಬಲವಾಗಿ ಹೊಡೆಯಬೇಕು ಎಂದು ಇನ್ನೊಂದು ಏಟು ಹಾಕಿದೆ.

"ಅಕ್ಕಾ, ನೀರು ಬಂತು!"

ನಲ್ಲಿ ನೀರಿನ ಪೈಪು! ಅದೂ ನೀರು ಬಿಡುವ ಹೊತ್ತು! ಕಾರಂಜಿ ನನ್ನ ತಲೆಯ ಮೇಲಿಂದ ಹಾರಿ ಮಾವನ ಪೇಪರಿನ ಮೇಲೆ ಬಿತ್ತು. ಸೆಲ್ವಿ ಅಕ್ಕ ಎರಡು ಕೊಡ ಹಿಡಿದು ಗೇಟು ದಾಟಿ ಓಡಿಬಂದರು. ಅವರ ಹಿಂದೆ ಬಕೆಟ್ಟು ಹಿಡಿದ ಇಡೀ ಬೀದಿ ಬಂತು. "ರೊಂಬ ಫೋರ್ಸು ತಂಬಿ! ನಮ್ಮನೇಲಿ ಇಷ್ಟು ಬರೋದೇ ಇಲ್ಲ" ಎಂದು ಎಲ್ಲರೂ ಹೊಗಳಿದರು. ನನ್ನ ಕೆಲಸಕ್ಕೆ ಸಾರ್ವಜನಿಕರಿಂದ ಬಂದ ಒಂದೇ ಒಂದು ಮೆಚ್ಚುಗೆ ಅದು.

ಮಾವ ಒದ್ದೆ ಬನಿಯನ್ನಿನಲ್ಲಿ ಎದ್ದು ನಿಂತು ಗುಂಡಿಯನ್ನು ನೋಡಿದರು. "ಇದು ಅರ್ಥಿಂಗೇನೋ? ಪುಷ್ಕರಣಿ ಕಣೋ ಇದು! ಇನ್ನು ಸುತ್ತ ಮೆಟ್ಟಿಲು ಕಟ್ಟೋದೊಂದು ಬಾಕಿ!"

ಅತ್ತೆ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು. "ಮೈಕ್ ಸರಿಹೋಯ್ತೇನೋ?"

ಹೋಗಿರಲಿಲ್ಲ.

ಪೈಪ್ ಸರಿಮಾಡುವವನು ಸೋಮವಾರ ಬರುತ್ತೇನೆಂದ. ಅಲ್ಲಿಯವರೆಗೆ ಮನೆಗೆ ನೀರಿಲ್ಲ. ಈ ಸಂಕಟದಲ್ಲೂ ನನಗೊಂದು ಬೆಳಕು ಕಂಡಿತು. "ಕ್ಲಾಸನ್ನೇ ಶಿವಮೊಗ್ಗಕ್ಕೆ ಶಿಫ್ಟ್ ಮಾಡೋಣ. ನಮ್ಮ ಕರೆಂಟ್ ಶುದ್ಧ. ನಾನೇ ಪರೀಕ್ಷೆ ಮಾಡಿದ್ದೀನಿ." ಸ್ನಾನಕ್ಕೆ ಬೇರೆ ದಾರಿ ಇಲ್ಲದೆ ಇಬ್ಬರೂ ಒಪ್ಪಿದರು. ಶನಿವಾರ ಮಧ್ಯಾಹ್ನ ಅತ್ತೆ, ಮಾವ, ಲ್ಯಾಪ್‌ಟಾಪು ಎಲ್ಲ ವಿದ್ಯಾನಗರಕ್ಕೆ ಬಂದಿಳಿದರು. ಬಸ್ಸಿನಲ್ಲಿ ಮಾವ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಬಂದರು.

ಅಮ್ಮ ಕಾಫಿ ಕೊಟ್ಟಳು. ಮಾವನಿಗೆ ಹೆಡ್‌ಫೋನ್ ಹಾಕಿ ಕೇಳುಗರ ಸ್ಥಾನದಲ್ಲಿ ಕೂರಿಸಿದೆ. ಅತ್ತೆಯ ಸೆರಗಿಗೆ ಮೈಕ್, ಅದೇ ಜಾಗ, ಎದೆಯ ನಟ್ಟನಡುವೆ. "ಹಾಡಿ ಅತ್ತೆ. ಇದು ಶಿವಮೊಗ್ಗ!"

ಅತ್ತೆ ಹಾಡಿದರು. ಮಾವನ ಮುಖದ ಮೇಲೆ ನಿಧಾನವಾಗಿ ಒಂದು ನಗು ಹರಡಿತು. ನಾನು ಗೆದ್ದೆ ಅಂದುಕೊಂಡೆ.

"ಕರಕರ!" ಎಂದರು ಮಾವ, ಪರಮಾನಂದದಿಂದ. "ನಿಮ್ಮ ಶಿವಮೊಗ್ಗದಲ್ಲೂ ಕರಕರ! ನಮ್ಮೂರಿಗಿಂತ ಒಂದು ಕೈ ಜಾಸ್ತಿನೇ ಇದೆ ಮಾರಾಯ!"

ನನ್ನ ಸಿದ್ಧಾಂತ ಕುಸಿಯಿತು. ಆದರೆ ನಿಜವಾದ ಸಂಶೋಧಕ ಎದೆಗುಂದುವುದಿಲ್ಲ, ಇನ್ನೂ ಕೆಟ್ಟ ಸಿದ್ಧಾಂತ ಹುಡುಕುತ್ತಾನೆ. ನಾನು ಮಾತಾಡಿದರೆ ಶುದ್ಧ, ಅತ್ತೆ ಹಾಡಿದರೆ ಕರಕರ. ಅಂದರೆ ಅತ್ತೆಯೇ ಭದ್ರಾವತಿಯ ಕರೆಂಟನ್ನು ಮೈಯಲ್ಲಿ ತುಂಬಿಕೊಂಡು ಬಂದಿದ್ದಾರೆ!

"ಅತ್ತೆ, ನಿಮ್ಮ ಮೈಯಲ್ಲಿ ಸ್ಟ್ಯಾಟಿಕ್ ಇದೆ. ಮೊದಲು ಅದನ್ನ ಇಳಿಸ್ಬೇಕು."

"ಅದೆಂತದೋ ಅದು? ನಂಗೆ ಬಿಪಿ ಇದೆ, ಇದೊಂದು ಯಾವಾಗ ಬಂತು?"

ಅತ್ತೆಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಒದ್ದೆ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿದೆ. ಒಂದು ಕೈಯಲ್ಲಿ ಕಬ್ಬಿಣದ ಗೇಟು ಹಿಡಿಸಿದೆ. ಬಳೆ ತೆಗೆಸಿದೆ. ಸಿಲ್ಕಿನಂಥ ಸೀರೆ ಬೇಡ ಎಂದು ಅಮ್ಮನ ಹಳೆಯ ಹತ್ತಿ ಸೀರೆ ಉಟ್ಟು ಬರಲು ಹೇಳಿದೆ. ಪ್ಲಾಸ್ಟಿಕ್ ಕುರ್ಚಿ ಹೋಗಿ ಮರದ ಸ್ಟೂಲು ಬಂತು. ಎದುರು ಮನೆಯವರು ಕಿಟಕಿಯಿಂದ ನೋಡಿ ಅಮ್ಮನನ್ನು ಕೇಳಿದರಂತೆ, "ಮಂಗಳಮ್ಮನಿಗೆ ಏನಾದ್ರೂ ಹರಕೆಯಾ?"

"ಹರಕೆ ಅಲ್ಲ, ಗ್ರಹಚಾರ" ಎಂದಳಂತೆ ಅಮ್ಮ.

ಎಲ್ಲ ಆದ ಮೇಲೂ ಕರಕರ. ಸಂಜೆಯಾಯಿತು. ಅತ್ತೆ ಕಾಲಿನ ಮಣ್ಣು ತೊಳೆದುಕೊಂಡು, "ಸಾಕು ಚೇತು. ಪೂಜೆಗೆ ಹೊತ್ತಾಯ್ತು" ಎಂದು ದೇವರಮನೆಗೆ ಹೋದರು. ಅವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ನಾಳೆ ಬೆಳಗ್ಗೆ ಕ್ಲಾಸು. ಏನಾದರೂ ಮಾಡಲೇಬೇಕೆಂದು ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್ ತೆಗೆದು, ಕಂಡಕಂಡ ಚೌಕಗಳ ಟಿಕ್ಕುಗಳನ್ನು ಒಂದೊಂದಾಗಿ ತೆಗೆಯತೊಡಗಿದೆ. ಸೆರಗಿನ ಮೈಕ್ ಅತ್ತೆಯ ಜೊತೆಯಲ್ಲೇ ಒಳಗೆ ಹೋದದ್ದನ್ನು ನಾನೂ ಮರೆತಿದ್ದೆ, ಅವರೂ ಮರೆತಿದ್ದರು. ಹೆಡ್‌ಫೋನ್ ಹಾಕಿಕೊಂಡೇ ತೂಕಡಿಸುತ್ತಿದ್ದ ಮಾವ ಥಟ್ಟನೆ ಎದ್ದು ಕೂತರು.

"ಏ! ನಿಂತೋಯ್ತು ಕಣೋ!"

"ಏನು?"

"ಕರಕರ! ಒಂಚೂರೂ ಇಲ್ಲ. ನಿಮ್ಮತ್ತೆ ಉಸಿರಾಡೋದೂ ಕೇಳಿಸ್ತಿದೆ."

ನಾನು ಆಗ ತಾನೇ ಒಂದು ಟಿಕ್ ತೆಗೆದಿದ್ದೆ. ಯಾವುದರ ಟಿಕ್ಕೋ ಗೊತ್ತಿಲ್ಲ, ಆದರೆ ತೆಗೆದವನು ನಾನು! ಮೊದಲು ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದೆ. ರಮ್ಯಾಳ ವಾಟ್ಸಾಪ್ ಗುಂಪಿಗೆ ಅತ್ತೆಯ ಫೋನಿನಿಂದಲೇ ಪ್ರಕಟಣೆ ಹೊರಡಿಸಿದೆ: "ಆತ್ಮೀಯ ಪೋಷಕರೇ, ಕಳೆದ ವಾರದ ತಾಂತ್ರಿಕ ದೋಷವನ್ನು ನಮ್ಮ ತಜ್ಞರು ಯಶಸ್ವಿಯಾಗಿ ನಿವಾರಿಸಿದ್ದಾರೆ."

ಅಷ್ಟರಲ್ಲಿ ಮಾವ ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದರು. "ಏನೋ ಬೇಡ್ಕೊಳ್ತಿದ್ದಾಳೆ. ತಾಳು." ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, ಕೇಳಿಬರುವ ಒಂದೊಂದು ಮಾತನ್ನೂ ಜೋರಾಗಿ ಹೇಳತೊಡಗಿದರು. "'ತಂದೆ, ನಾಳೆ ಒಂದು ದಿನ ಮಕ್ಕಳಿಗೆ ನನ್ನ ದನಿ ನೆಟ್ಟಗೆ ಕೇಳಿಸ್ಲಿ. ಇನ್ನೇನೂ ಬೇಡ. ಆ ಹುಡುಗನಿಗೆ ಒಳ್ಳೇ ಬುದ್ಧಿ ಕೊಡು. ಬುದ್ಧಿ ಕೊಡೋದು ತಡ ಆಗೋದಾದ್ರೆ, ನಾಳೆ ಮಟ್ಟಿಗೆ ಅವನನ್ನ ಲ್ಯಾಪ್‌ಟಾಪಿಂದ ದೂರ ಇಡು.' ಇಷ್ಟೂ ಸ್ಪಷ್ಟವಾಗಿದೆ ಮಾರಾಯ! ಒಂದಕ್ಷರ ಬಿಟ್ಟುಹೋಗಿಲ್ಲ!"

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು.

ಪೂಜೆ ಮುಗಿಸಿ ಅತ್ತೆ ಹೊರಬಂದರು. "ಅತ್ತೆ, ಸರಿಹೋಯ್ತು! ನಾನೊಂದು ಟಿಕ್ ತೆಗೆದೆ..." ಎನ್ನುವಷ್ಟರಲ್ಲಿ ಮಾವ ಹೆಡ್‌ಫೋನ್ ಕಿತ್ತೆಸೆದರು. "ಬಂತು! ಮತ್ತೆ ಬಂತು ಕರಕರ!"

ತೆಗೆದ ಟಿಕ್ ಹಾಕಿದೆ. ಹಾಕಿದ ಟಿಕ್ ತೆಗೆದೆ. ಕರಕರ ಜಗ್ಗಲಿಲ್ಲ. ಅತ್ತೆ ನಡುಮನೆಯಲ್ಲಿ ನಿಂತು ಏನನ್ನೋ ಯೋಚಿಸುತ್ತಿದ್ದರು.

"ನಾನು ಒಳಗಿದ್ದಾಗ ಇರ್ಲಿಲ್ಲ ಅಂದ್ರಲ್ಲ?"

"ಒಂಚೂರೂ ಇರ್ಲಿಲ್ಲ" ಎಂದರು ಮಾವ.

"ಯಾವಾಗ ನಿಂತಿದ್ದು? ಪೂಜೆಗೆ ಕೂತ ಮೇಲಾ?"

"ಕೂತ ಮೇಲೆ."

ಅತ್ತೆ ಮತ್ತೆ ದೇವರಮನೆಗೆ ಹೋದರು. ಒಂದು ಕ್ಷಣ ಬಿಟ್ಟು ಅಲ್ಲಿಂದಲೇ ಕೇಳಿದರು, "ಈಗ?"

"ಇಲ್ಲ!" ಎಂದರು ಮಾವ.

"ಈಗ?"

"ಇದೆ! ಕರಕರ!"

"ಈಗ?"

"ಇಲ್ಲ! ಏನೇ ಮಾಡ್ತಿದ್ದೀಯ ಅಲ್ಲಿ?"

ಅತ್ತೆ ಹೊರಗೆ ಬಂದರು. ಕೈಯಲ್ಲಿ ಶಿವದಾರ, ಶಿವದಾರದ ತುದಿಯಲ್ಲಿ ಬೆಳ್ಳಿಯ ಕರಡಿಗೆ. ಮದುವೆಗೂ ಮುಂಚಿನಿಂದ ಅವರ ಎದೆಯ ಮೇಲೆ ಇರುವ ಇಷ್ಟಲಿಂಗದ ಕರಡಿಗೆ. ಇರುವುದು ಎಲ್ಲಿ? ಸೆರಗಿನ ಒಳಗೆ, ಎದೆಯ ನಟ್ಟನಡುವೆ! ದನಿ ಹುಟ್ಟುವ ಜಾಗ! ಅದರ ಮೇಲೆಯೇ ನಾನು ಅಳತೆ ಮಾಡಿ ಮೈಕ್ ಕೂರಿಸಿದ್ದೆ. ಅತ್ತೆ ಉಸಿರೆಳೆದಾಗಲೆಲ್ಲ ಕರಡಿಗೆ ಹೋಗಿ ಮೈಕಿಗೆ ಉಜ್ಜುತ್ತಿತ್ತು. ದೀರ್ಘವಾಗಿ ಹಾಡಿದಷ್ಟೂ ಜೋರಾಗಿ ಉಜ್ಜುತ್ತಿತ್ತು. ಪೂಜೆಗೆ ಕೂತಾಗ ಕೊರಳಿಂದ ತೆಗೆದಿದ್ದರು, ಶಬ್ದ ನಿಂತಿತ್ತು. ಮುಗಿಸಿ ಹಾಕಿಕೊಂಡರು, ಶಬ್ದ ಬಂದಿತ್ತು. ಇದಕ್ಕಾಗಿ ನಾನು ಡ್ರೈವರ್ ಕೊಂದಿದ್ದೆ, ಪೈಪ್ ಒಡೆದಿದ್ದೆ, ಒಂದು ಊರಿನ ಮಣ್ಣಿನ ಮೇಲೆ ಅಪವಾದ ಹೊರಿಸಿದ್ದೆ.

ಮೊದಲು ಅಮ್ಮನೇ ಅಂದಳು. "ಗೂಟದಲ್ಲಿ ನೇತು ಹಾಕಿರೋದನ್ನ ನೀನು ಕೊರಳಿಗೆ ಹಾಕ್ಕೊಂಡಿದ್ದಿದ್ರೆ, ನಿನ್ನ ವಿಜ್ಞಾನಕ್ಕೆ ಮೊದಲ ದಿನವೇ ಗೊತ್ತಾಗ್ತಿತ್ತು."

"ನಮ್ಮೂರ ಕರೆಂಟು?" ಎಂದರು ಮಾವ.

"ಶುದ್ಧ ಮಾವ."

"ನಮ್ಮೂರ ಮಣ್ಣು?"

"ಅದೂ ಶುದ್ಧ ಮಾವ."

"ನನ್ನ ಪೈಪು?"

ನಾನು ಹೆಡ್‌ಫೋನಿನ ವೈರನ್ನು ಅಚ್ಚುಕಟ್ಟಾಗಿ ಸುತ್ತತೊಡಗಿದೆ.

ಭಾನುವಾರ ಬೆಳಗ್ಗೆ ಅತ್ತೆ ತಮ್ಮ ರೇಷ್ಮೆ ಸೀರೆಯನ್ನೇ ಉಟ್ಟರು. ಮೈಕನ್ನು ತಾವೇ ತೆಗೆದುಕೊಂಡು, ಹೆಗಲಿನ ಹತ್ತಿರ ಸೆರಗಿಗೆ ಸಿಕ್ಕಿಸಿಕೊಂಡರು. ಅದಕ್ಕೆ ಹಿಡಿದದ್ದು ಒಂದು ಉಸಿರಿನಷ್ಟು ಹೊತ್ತು. "ಇನ್ನು ಸ್ವಲ್ಪ ಮೇಲೆ ಅತ್ತೆ..." ಎಂದು ನಾನು ಮುಂದೆ ಬಂದೆ. ಅತ್ತೆ ಅಡುಗೆಮನೆಯ ಕಡೆ ಬೆರಳು ತೋರಿಸಿದರು. ಹೋದೆ. "ಬಾಗ್ಲು ಎಳ್ಕೋ" ಎಂದರು. ಎಳೆದುಕೊಂಡೆ.

ಬಾಗಿಲ ಸಂದಿಯಿಂದ ಇಣುಕಿ ಕೇಳಿಸಿಕೊಂಡೆ. ಅತ್ತೆ ಹಾಡಿದರು. ಇಷ್ಟು ದಿನ ನಾನು ಕೇಳಿದ್ದು ಕರಕರವನ್ನು ಮಾತ್ರ, ಅತ್ತೆಯನ್ನು ಕೇಳಿಸಿಕೊಂಡದ್ದು ಅವತ್ತೇ ಮೊದಲು. ಮಾವ ಪೇಪರ್ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪರದೆಯ ಆಚೆ ಮಕ್ಕಳು ಒಂದೊಂದೇ ಸಾಲು ಹೇಳಿದರು. ತಪ್ಪಿದಲ್ಲಿ ಅತ್ತೆ ಮತ್ತೆ ಹೇಳಿಕೊಟ್ಟರು. ಒಂದು ಚೌಕವೂ ಕಪ್ಪಾಗಲಿಲ್ಲ. ಯಾರೂ ಊಟಕ್ಕೆ ಎದ್ದು ಹೋಗಲಿಲ್ಲ.

ಪಾಠ ಮುಗಿಯಿತು. ರಮ್ಯಾಳ ದನಿ ಕೇಳಿಸಿತು. "ಆಂಟಿ, ತುಂಬಾ ಚೆನ್ನಾಗಿತ್ತು! ಎಲ್ರೂ ಒಪ್ಕೊಂಡಿದ್ದಾರೆ, ಮುಂದಿನ ವಾರದಿಂದ ಶುರು ಮಾಡೋಣ. ಎಷ್ಟು ಕ್ಲಿಯರ್ ಆಗಿ ಕೇಳಿಸ್ತು ಇವತ್ತು! ಹೋದ್ವಾರ ಅಷ್ಟು ಶಬ್ದ ಇತ್ತಲ್ಲ, ಅದು ಹೆಂಗೆ ಸರಿಹೋಯ್ತು?"

ನಾನು ಬಾಗಿಲ ಹಿಂದೆ ಅಂಗಿಯ ಕಾಲರ್ ಸರಿಮಾಡಿಕೊಂಡೆ, ತಲೆ ಬಾಚಿಕೊಂಡೆ. ಏನೇ ಆದರೂ ಅತ್ತೆ ದೊಡ್ಡ ಮನಸ್ಸಿನವರು. ಕರೆದರೆ ಒಂದೆರಡು ಮಾತು ಆಡುವುದು ನನ್ನ ಕರ್ತವ್ಯವಾಗಿತ್ತು.

"ಏನಿಲ್ಲಮ್ಮ" ಎಂದರು ಅತ್ತೆ. "ನಮ್ಮಣ್ಣನ ಮಗ ರಿಪೇರಿ ಮಾಡ್ತಿದ್ದ. ನಿಲ್ಲಿಸ್ದ. ಸರಿಹೋಯ್ತು."

ಅಷ್ಟೂ ಮನೆಗಳವರು ಒಟ್ಟಿಗೆ ನಕ್ಕರು. ಮಕ್ಕಳು ನಕ್ಕರು, ಅಮ್ಮಂದಿರು ನಕ್ಕರು, ಎಲ್ಲಕ್ಕಿಂತ ಜೋರಾಗಿ ಮಾವ ನಕ್ಕರು. ಆ ನಗು ಲ್ಯಾಪ್‌ಟಾಪಿನಿಂದ ಹೊರಟು, ಹಾಲು ದಾಟಿ, ಮುಚ್ಚಿದ ಬಾಗಿಲಿನ ಸಂದಿಯಲ್ಲಿ ತೂರಿ ನನ್ನ ಕಿವಿಗೆ ಬಂದು ತಲುಪಿತು. ಎಲ್ಲೂ ಒಂಚೂರು ಕರಕರ ಇರಲಿಲ್ಲ!